ತಿರುಗುವ ಚಕ್ಕನ್ನು ನಿಂತಂತೆ ತೋರಿಸುವ ಎಲ್‌ಇಡಿ ದೀಪಗಳ ಬಗ್ಗೆ ದೂರು

ಇವರಿಗೆ,
ಮಾಲೀಕರು,
ವಿದ್ಯುತ್ ದೀಪಗಳ ಮಾರಾಟ ಮತ್ತು ಅಳವಡಿಕೆ ಸಂಸ್ಥೆ,
ಪುಣೆ

ವಿಷಯ: ಮನೆಯ ವರ್ಕ್‌ಶಾಪಿನಲ್ಲಿ ಟ್ಯೂಬ್‌ಲೈಟುಗಳ ಬದಲಿಗೆ ಎಲ್‌ಇಡಿ ಅಳವಡಿಸಿದ ಕೆಲಸದಲ್ಲಿನ ಅಪಾಯಕಾರಿ ದೋಷಗಳು ಹಾಗೂ ತಮ್ಮ ಸೇವಾ ಕೇಂದ್ರದಲ್ಲಿ ನಡೆದ ಅವಮಾನ.

ಮಾನ್ಯರೆ,

ಮರಾಠಿಯಲ್ಲಿ ಫೋನ್ ಮಾಡಿದ್ದಾಯಿತು, ಇಂಗ್ಲಿಷಿನಲ್ಲಿ ಇಮೇಲ್ ಬರೆದದ್ದಾಯಿತು. ಎರಡಕ್ಕೂ ಮೊದಲೇ ಅಚ್ಚು ಹಾಕಿಟ್ಟಂತಹ ಒಂದೇ ಉತ್ತರ ಬಂದಿರುವುದರಿಂದ ಈ ಪತ್ರವನ್ನು ಕನ್ನಡದಲ್ಲಿ, ನೇರವಾಗಿ ತಮಗೇ, ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸುತ್ತಿದ್ದೇನೆ. ತಾವು ಬೆಳಗಾವಿ ಕಡೆಯವರೆಂದು ಬಲ್ಲೆ. ತಮ್ಮ ಸಿಬ್ಬಂದಿಯಲ್ಲಿಯೂ ಕನ್ನಡ ಬಲ್ಲವರಿದ್ದಾರೆ ಎಂಬುದು ನನಗೆ ಯಾವ ರೀತಿಯಲ್ಲಿ ತಿಳಿಯಿತು ಎಂಬುದನ್ನು ಮುಂದೆ ಬರೆದಿದ್ದೇನೆ.

ನಾನು ಭೋಸರಿ ಕೈಗಾರಿಕಾ ಪ್ರದೇಶದ (ಎಂಐಡಿಸಿ) ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದುಡಿದು ನಿವೃತ್ತನಾದವನು. ಕೋಥ್ರೂಡಿನ ನನ್ನ ಮನೆಯ ನೆಲಮಹಡಿಯಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇದೆ. ಅಲ್ಲಿ ಒಂದು ಲೇಥ್ (ಚಕ್ ಎಂಬ ದವಡೆಗಳ ಹಿಡಿಕೆಯಲ್ಲಿ ತುಂಡನ್ನು ಹಿಡಿದು ತಿರುಗಿಸಿ ಕಡೆಯುವ ಯಂತ್ರ), ಒಂದು ಡ್ರಿಲ್ ಮಷೀನ್, ಮರಗೆಲಸಕ್ಕೆ ಒಂದು ಬ್ಯಾಂಡ್ ಸಾ ಇವೆ. ಅದರ ಚಾವಣಿಯಲ್ಲಿ ಮೊದಲು ಇದ್ದದ್ದು ನಾಲ್ಕು ಅಡಿಯ, 36 ವ್ಯಾಟಿನ ಜೋಡಿ ಟ್ಯೂಬಿನ ಪಟ್ಟಿಗಳು. ಒಂದೊಂದು ಟ್ಯೂಬಿನ ಹಿಂದೆಯೂ ಚೋಕ್ ಹತ್ತು ವ್ಯಾಟಿನಷ್ಟು ತಿನ್ನುತ್ತಿತ್ತು, ಮಳೆಗಾಲದಲ್ಲಿ ಸ್ಟಾರ್ಟರ್ ಹಟ ಹಿಡಿಯುತ್ತಿತ್ತು, ತಪ್ಕೀರ್ ಗಲ್ಲಿಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದರೂ ಒಳ್ಳೆಯ ತಾಮ್ರದ ಚೋಕ್ ಸಿಗುವುದು ಕಷ್ಟವಾಗಿತ್ತು. ಆದರೂ ಆ ಪಟ್ಟಿಗಳನ್ನು ಯಂತ್ರದ ಕೆಲಸ ತಿಳಿದವರು ಕಟ್ಟಿದ್ದರು. ಜೋಡಿಯಲ್ಲಿ ಒಂದು ಟ್ಯೂಬಿನ ಚೋಕಿಗೆ ಸರಣಿಯಲ್ಲಿ ಕೆಪಾಸಿಟರ್ ಸೇರಿಸಿದ್ದರಿಂದ ಎರಡು ಟ್ಯೂಬುಗಳೂ ಒಂದೇ ಗಳಿಗೆಯಲ್ಲಿ ಮಂಕಾಗುತ್ತಿರಲಿಲ್ಲ. ಒಂದು ಕುಗ್ಗುವಾಗ ಇನ್ನೊಂದು ಬೆಳಗುತ್ತಿತ್ತು, ಹಾಗಾಗಿ ಒಟ್ಟು ಬೆಳಕು ಅಷ್ಟಾಗಿ ಮಿನುಗುತ್ತಿರಲಿಲ್ಲ. ಕಾರ್ಖಾನೆಯಲ್ಲಿಯೂ ಇದೇ ಕಾರಣಕ್ಕೆ ದೀಪಗಳನ್ನು ಮೂರು ಫೇಸುಗಳಿಗೆ ಹಂಚಿರುತ್ತಾರೆ. ನನ್ನ ಮನೆಗೆ ಬರುವುದು ಒಂದೇ ಫೇಸ್ ಆದ್ದರಿಂದ ಅಲ್ಲಿ ಆ ಉಪಾಯವಿಲ್ಲ.

ಇದನ್ನೆಲ್ಲ ತಮ್ಮ ಮಾರಾಟ ಪ್ರತಿನಿಧಿಗೆ ಆರ್ಡರ್ ಕೊಡುವ ಮೊದಲೇ, ಲೇಥಿನ ಪಕ್ಕದಲ್ಲಿ ನಿಲ್ಲಿಸಿಕೊಂಡು ವಿವರಿಸಿದ್ದೆ. ಅವರು ತಲೆಯಾಡಿಸಿ ಬರೆದುಕೊಂಡರು. ತಮ್ಮ ಕೊಟೇಶನ್ನಿನಲ್ಲಿ "ಫ್ಲಿಕರ್ ಇಲ್ಲದ ಡ್ರೈವರ್" (ಬೆಳಕು ಮಿನುಗದಂತೆ ಎಲ್‌ಇಡಿಗೆ ಕರೆಂಟು ಕೊಡುವ ಸಾಧನ) ಎಂದೂ, ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬುದರ ಅಳತೆ) 90 ಎಂದೂ, ಹಳೆಯ ಟ್ಯೂಬುಗಳನ್ನು ನಿಯಮದಂತೆ ವಿಲೇವಾರಿ ಮಾಡಲಾಗುವುದು ಎಂದೂ ಸ್ಪಷ್ಟವಾಗಿ ಅಚ್ಚಾಗಿದೆ. ಅದರ ಪ್ರತಿಯನ್ನು ಲಗತ್ತಿಸಿದ್ದೇನೆ. ಮರಕ್ಕೆ ಪಾಲಿಶ್ ಹಚ್ಚುವಾಗ ತೇಗದ ಬಣ್ಣವೂ ಶೀಶಮ್ಮಿನ ಬಣ್ಣವೂ ಸರಿಯಾಗಿ ಕಾಣಬೇಕೆಂದೇ ಸಿಆರ್‌ಐ 90 ಕೇಳಿದ್ದೆ, ಅದಕ್ಕಾಗಿ ಹೆಚ್ಚಿನ ಹಣವನ್ನೂ ಕೊಟ್ಟಿದ್ದೇನೆ. ಬಂದ ಟ್ಯೂಬುಗಳ ಮೇಲೆ ಇರುವುದು "80ಕ್ಕಿಂತ ಹೆಚ್ಚು" ಎಂಬ ಮುದ್ರೆ. ಅವುಗಳ ಜೊತೆ ಬಂದ ಡ್ರೈವರುಗಳ ಮೇಲೆ ಕಡ್ಡಾಯವಾಗಿ ಇರಬೇಕಾದ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನೋಂದಣಿ ಗುರುತೂ ಸಂಖ್ಯೆಯೂ ಇಲ್ಲ. ಈ ವ್ಯಾಪಾರದಲ್ಲಿ ಇರುವ ತಮಗೆ ಆ ನಿಯಮವನ್ನು ನಾನು ಹೇಳಿಕೊಡಬೇಕಾಗಿಲ್ಲ.

ಬಣ್ಣದ ಮಾತು ಹಾಗಿರಲಿ. ನನ್ನ ಮುಖ್ಯ ದೂರು ಮಿನುಗಿನದು. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ, ಡ್ರೈವರಿನಲ್ಲಿ ಅದನ್ನು ಸಮನಾಗಿಸುವ ವ್ಯವಸ್ಥೆ ಇಲ್ಲದಿದ್ದರೆ ದೀಪ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಹಳೆಯ ಟ್ಯೂಬಿನ ಒಳಲೇಪಕ್ಕೆ ಹೊಳಪನ್ನು ಕೊಂಚ ಉಳಿಸಿಕೊಳ್ಳುವ ಗುಣವಿತ್ತು; ಎಲ್‌ಇಡಿಗೆ ಅದಿಲ್ಲ, ಕರೆಂಟು ಇಳಿದ ಕ್ಷಣವೇ ಬೆಳಕೂ ಇಳಿಯುತ್ತದೆ. ಅಗ್ಗದ ಡ್ರೈವರ್ ಹಾಕಿದ ಎಲ್‌ಇಡಿ ಈ ವಿಷಯದಲ್ಲಿ ಚೋಕಿನ ಟ್ಯೂಬಿಗಿಂತಲೂ ಕೆಟ್ಟದ್ದಾಗುವುದು ಇದರಿಂದಲೇ. ನಾಲ್ಕು ದವಡೆಯ ಚಕ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ, ದೀಪದ ಒಂದು ಮಿನುಗಿನಿಂದ ಇನ್ನೊಂದು ಮಿನುಗಿಗೆ ಸರಿಯಾಗಿ ಕಾಲು ಸುತ್ತು ತಿರುಗಿರುತ್ತದೆ, ಒಂದು ದವಡೆಯ ಜಾಗಕ್ಕೆ ಇನ್ನೊಂದು ಬಂದಿರುತ್ತದೆ, ಕಣ್ಣಿಗೆ ಚಕ್ ನಿಂತಂತೆಯೇ ಕಾಣುತ್ತದೆ. ನನ್ನ ಲೇಥಿನ ಮೋಟರ್ 1440 ಸುತ್ತಿನದು. ಅದೇ ವೇಗ ನೇರವಾಗಿ ಸ್ಪಿಂಡಲ್ಲಿಗೆ ಬರುವ ಪುಲ್ಲಿಯಲ್ಲಿ ಓಡಿಸಿದಾಗ ಚಕ್ ಸೆಕೆಂಡಿಗೆ ಒಂದು ಸುತ್ತಿನಂತೆ ಹಿಂದಕ್ಕೆ ಮೆಲ್ಲಗೆ ಸರಿಯುತ್ತಿರುವ ಹಾಗೆ ಕಾಣುತ್ತದೆ. ತಮ್ಮ ದೀಪಗಳ ಕೆಳಗೆ ನಾನು ಕಂಡದ್ದು ಇದನ್ನೇ. ಅದು ಕೈಯಿಂದ ಹಿಡಿದು ನಿಲ್ಲಿಸಬಹುದು ಎನಿಸುವಷ್ಟು ನಿಧಾನವಾಗಿ ಕಾಣುತ್ತಿತ್ತು. ಹಿಡಿದಿದ್ದರೆ ಬೆರಳುಗಳು ಉಳಿಯುತ್ತಿರಲಿಲ್ಲ. ರಜೆಗೆ ಬರುವ ನನ್ನ ಮೊಮ್ಮಗ ಅದೇ ಕೋಣೆಯಲ್ಲಿ ಓಡಾಡುತ್ತಾನೆ.

ಅಳವಡಿಕೆಯ ಕೆಲಸವೂ ಇಷ್ಟೇ ಬೇಜವಾಬ್ದಾರಿಯದು. ಚೋಕನ್ನು ತೆಗೆದು 230 ವೋಲ್ಟನ್ನು ನೇರವಾಗಿ ಒಂದು ಬದಿಯ ಹೋಲ್ಡರಿನ ಎರಡು ಪಿನ್ನುಗಳಿಗೆ ಕೊಟ್ಟಿದ್ದಾರೆ. ಆದರೆ ಪಟ್ಟಿಯನ್ನು ಹೀಗೆ ಬದಲಾಯಿಸಲಾಗಿದೆ, ಇದಕ್ಕೆ ಹಳೆಯ ಬಗೆಯ ಟ್ಯೂಬನ್ನು ಹಾಕಬಾರದು ಎಂಬ ಎಚ್ಚರಿಕೆಯ ಚೀಟಿಯನ್ನು ಎಲ್ಲಿಯೂ ಅಂಟಿಸಿಲ್ಲ. ನಾಳೆ ಯಾರಾದರೂ ತಿಳಿಯದೆ ಹಳೆಯ ಟ್ಯೂಬನ್ನು ಸಿಕ್ಕಿಸಿದರೆ ಅದರ ಫಿಲಮೆಂಟಿನ ಮೇಲೆ ಪೂರ್ತಿ ವೋಲ್ಟೇಜ್ ಬೀಳುತ್ತದೆ. ಲೇಥಿನ ಮೇಲೆ ಹೊಸದಾಗಿ ಎಳೆದ ಲೈನಿನಲ್ಲಿ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ಲಿಗೆ ಹಾಕಿದ್ದಾರೆ. ಸ್ವಿಚ್ ಆರಿಸಿದ ಮೇಲೂ ಹೋಲ್ಡರಿನಲ್ಲಿ ಟೆಸ್ಟರ್ ಉರಿಯುತ್ತದೆ. ವಿಲೇವಾರಿ ಮಾಡುತ್ತೇವೆಂದ ಹಳೆಯ ಟ್ಯೂಬುಗಳನ್ನು, ಪಾದರಸ ಇರುವ ಆ ಟ್ಯೂಬುಗಳನ್ನು, ಗೋಣಿಚೀಲದಲ್ಲಿ ತುರುಕಿ ನಮ್ಮ ಗೇಟಿನ ಹೊರಗೆ ಎಸೆದು ಹೋಗಿದ್ದಾರೆ. ಅರ್ಧದಷ್ಟು ಒಡೆದಿದ್ದವು. ಕಸ ಆರಿಸುವ ಹೆಂಗಸೊಬ್ಬರು ಬರಿಗೈಯಲ್ಲಿ ಆ ಚೀಲ ಬಿಚ್ಚುತ್ತಿದ್ದುದನ್ನು ನೋಡಿ ನಾನೇ ಓಡಿಹೋಗಿ ತಡೆದೆ.

ಈಗ ತಮ್ಮ ಸೇವಾ ಕೇಂದ್ರದಲ್ಲಿ ನಡೆದದ್ದು. ಫೋನಿನಲ್ಲಿ ಕೆಲಸವಾಗದೆ ನಾನೇ ಅಲ್ಲಿಗೆ ಹೋದೆ. ಕೈಯಲ್ಲಿ ಕೊಟೇಶನ್ ಇತ್ತು, ಒಂದು ಟ್ಯೂಬ್ ಇತ್ತು, ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ಇತ್ತು. ಬೆಂಚಿನ ಮೇಲೆ ಬೇರೆ ಗ್ರಾಹಕರು ಕುಳಿತಿದ್ದರು. ಒಂದು ಕುರ್ಚಿ ಖಾಲಿ ಇತ್ತು, ಅದರ ಮೇಲೆ ಯಾರದೋ ಹೆಲ್ಮೆಟ್ ಇತ್ತು, ಅದನ್ನು ಎತ್ತಿಡಬೇಕೆಂದು ಯಾರಿಗೂ ಅನಿಸಲಿಲ್ಲ. ತಮ್ಮ ಸರ್ವಿಸ್ ಸೂಪರ್‌ವೈಸರ್ ಊಟದ ಡಬ್ಬಿ ಮುಚ್ಚಿ, ಕೈ ತೊಳೆದು, ಫೋನಿನಲ್ಲಿ ಒಂದು ಮಾತು ಮುಗಿಸಿ, ಆಮೇಲೆ ನನ್ನ ಕಡೆ ತಿರುಗಿದರು. ನಾನು ವಿಡಿಯೋ ತೋರಿಸಿದೆ. ಬೆಳಕು ಏರಿ ಇಳಿಯುವುದು ಅದರಲ್ಲಿ ಮಗುವಿಗೂ ತಿಳಿಯುವಂತಿದೆ. ಅವರು ಅದನ್ನು ಪೂರ್ತಿ ನೋಡದೆ ಮರಾಠಿಯಲ್ಲಿ, "ಕಾಕಾ, ಎಲ್‌ಇಡಿ ಮಿನುಗುವುದೇ ಇಲ್ಲ, ಮಿನುಗುವುದು ನಿಮ್ಮ ಮೊಬೈಲಿನ ಕ್ಯಾಮೆರಾ" ಎಂದರು. ಹಾಗಾದರೆ ಇಲ್ಲಿಯೇ ಹಚ್ಚಿ ನೋಡೋಣ, ಕ್ಯಾಮೆರಾ ಬೇಡ, ದೀಪದ ಕೆಳಗೆ ಒಂದು ಪೆನ್ಸಿಲನ್ನು ಜೋರಾಗಿ ಆಡಿಸಿದರೆ ಸಾಕು, ಮಿನುಗುವ ದೀಪವಾದರೆ ಅದು ತುಂಡುತುಂಡಾಗಿ ಕಾಣುತ್ತದೆ ಎಂದೆ. ಅವರು ಜೇಬಿನಿಂದ ಪೆನ್ನು ತೆಗೆದು ನನ್ನ ಮುಖದ ಮುಂದೆ ಆಡಿಸಿ, "ಇದು ಎಷ್ಟು ಕಾಣುತ್ತದೆ, ಎಣಿಸಿ ಹೇಳಿ" ಎಂದರು. ಬೆಂಚಿನ ಮೇಲಿದ್ದವರು ನಕ್ಕರು. ಚಕ್ಕಿನ ಲೆಕ್ಕವನ್ನು ಕಾಗದದಲ್ಲಿ ಬರೆದು ತೋರಿಸಲು ಹೊರಟಾಗ ಅವರು ಪಕ್ಕದ ಮೇಜಿನ ಹುಡುಗನ ಕಡೆ ತಿರುಗಿ, ನನಗೆ ತಿಳಿಯದೆಂಬ ಧೈರ್ಯದಲ್ಲಿ, ಕನ್ನಡದಲ್ಲಿ ಹೇಳಿದ ಮಾತು ಇದು: "ಮುದುಕನ ಕಣ್ಣ ಮಂಜಾಗ್ಯಾವ, ದೀಪದ ಮ್ಯಾಲ ಹಾಕಾಕತ್ತಾನ."

ನನಗೂ ಕನ್ನಡ ಬರುತ್ತದೆ, ನನ್ನ ಊರು ಧಾರವಾಡ ಎಂದೆ. ಕ್ಷಮೆಯ ಒಂದು ಮಾತು ಬರಲಿಲ್ಲ. ದೂರು ದಾಖಲಿಸುತ್ತೇನೆ, ಮೊಬೈಲಿಗೆ ಬಂದ ಓಟಿಪಿ ಹೇಳಿ ಎಂದರು. ಹೇಳಿದೆ. ನಾನು ಮನೆ ಮುಟ್ಟುವ ಮೊದಲೇ "ನಿಮ್ಮ ದೂರನ್ನು ತೃಪ್ತಿಕರವಾಗಿ ಪರಿಹರಿಸಲಾಗಿದೆ" ಎಂಬ ಸಂದೇಶ ಬಂತು. ದೂರು ದಾಖಲಿಸಲೆಂದು ಪಡೆದ ಓಟಿಪಿಯಿಂದ ದೂರನ್ನೇ ಮುಚ್ಚಿದ್ದಾರೆ. ಇದನ್ನು ಮೋಸ ಎನ್ನದೆ ನನಗೆ ಬೇರೆ ಹೆಸರಿಲ್ಲ. ದಶಕಗಳ ಕಾಲ ಮೈಕ್ರೋಮೀಟರ್ ಓದಿದ ಕಣ್ಣುಗಳು ನನ್ನವು.

ತಮ್ಮ ವಾರಂಟಿಯ ಷರತ್ತುಗಳನ್ನು ತಾವೇ ಬರೆದಿದ್ದೀರಿ, ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಕೊಟೇಶನ್ನಿನಲ್ಲಿ ಹೇಳಿದ ದೀಪಗಳನ್ನೂ ಬಿಐಎಸ್ ಗುರುತಿನ ಡ್ರೈವರುಗಳನ್ನೂ ಹಾಕಿ, ವೈರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದ ನನ್ನ ಎದುರಿನಲ್ಲಿ ಸರಿಪಡಿಸಬೇಕು. ಇಲ್ಲವೇ ಪೂರ್ತಿ ಹಣ ಹಿಂದಿರುಗಿಸಬೇಕು. ಆ ಸೂಪರ್‌ವೈಸರ್ ಲಿಖಿತವಾಗಿ, ಕನ್ನಡದಲ್ಲಿಯೇ, ಕ್ಷಮೆ ಕೇಳಬೇಕು. ಇದಕ್ಕೆ ಪತ್ರ ತಲುಪಿದ ದಿನದಿಂದ 15 ದಿನಗಳ ಅವಕಾಶವಿದೆ.

ಆ ನಂತರ ನಾನು ತಮ್ಮ ಕೌಂಟರಿನ ಎದುರು ನಿಲ್ಲುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ನಾನು ವಾಸಿಸುವ ಪುಣೆ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಸೇವಾ ನ್ಯೂನತೆಗೂ ಅನುಚಿತ ವ್ಯಾಪಾರ ಪದ್ಧತಿಗೂ ದಾವೆ ಹೂಡುತ್ತೇನೆ; ಐದು ಲಕ್ಷದೊಳಗಿನ ದಾವೆಗೆ ಶುಲ್ಕವೂ ಇಲ್ಲ, ನನಗೆ ವಕೀಲರೂ ಬೇಕಾಗಿಲ್ಲ. ನೋಂದಣಿ ಗುರುತಿಲ್ಲದ ಡ್ರೈವರುಗಳ ಫೋಟೋಗಳು ಭಾರತೀಯ ಮಾನಕ ಬ್ಯೂರೋಗೆ, ಒಡೆದ ಟ್ಯೂಬುಗಳ ಫೋಟೋಗಳು ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗುತ್ತವೆ. ಚಕ್ಕಿನ ವಿಡಿಯೋವನ್ನು ಭೋಸರಿ, ಚಿಂಚವಡ, ಹಡಪಸರಗಳಲ್ಲಿ ನನ್ನ ಜೊತೆ ದುಡಿದು ಈಗ ಸ್ವಂತ ವರ್ಕ್‌ಶಾಪ್ ನಡೆಸುತ್ತಿರುವ ಪ್ರತಿಯೊಬ್ಬರಿಗೂ, ತಮ್ಮ ಸಂಸ್ಥೆಯ ಹೆಸರು ಮತ್ತು ಈ ಪತ್ರದ ಪ್ರತಿಯೊಂದಿಗೆ ಕಳುಹಿಸುತ್ತೇನೆ.

ಇತಿ,
ತಮ್ಮ ಗ್ರಾಹಕ,
ಕೋಥ್ರೂಡ್, ಪುಣೆ