ಆಪರೇಷನ್‌ಗೆ ಮೊದಲು ಅಪ್ಪನನ್ನೇ ಕೇಳು

ಪ್ರಿಯ ನಾಗರಾಜ,

ಅಪ್ಪನ ದೊಡ್ಡ ಕರುಳಿನ ಗಡ್ಡೆ ತೆಗೆಯಲು ಬೆಂಗಳೂರಿನಲ್ಲಿ ದಿನ ಗೊತ್ತಾಗಿದೆ ಎಂದು ಬರೆದಿದ್ದೀಯ. ದುಡ್ಡು, ರಕ್ತ ಕೊಡುವವರು, ಉಳಿದುಕೊಳ್ಳಲು ರೂಮು ಎಲ್ಲದರ ಲೆಕ್ಕವೂ ಇದೆ. ಅಪ್ಪ ಏನಂದರು ಅನ್ನುವುದು ಮಾತ್ರ ಎಲ್ಲೂ ಇಲ್ಲ. ‘ಅವರಿಗೆ ಹೇಳಿದರೆ ಹೆದರ್ತಾರೆ, ನಾನೇ ಸೈನ್ ಹಾಕ್ತೀನಿ’ ಅಂದಿದ್ದೀಯಲ್ಲ, ನನಗೆ ತಕರಾರು ಇರುವುದು ಅಲ್ಲೇ.

ಎಪ್ಪತ್ತೆಂಟಾದರೇನು, ಬುದ್ಧಿ ನೆಟ್ಟಗಿರುವವರ ಬದಲಿಗೆ ಮಗ ಸಹಿ ಹಾಕಿದರೆ ಅದು ಒಪ್ಪಿಗೆಯಲ್ಲ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ರೋಗಿ ಅರಿವಳಿಕೆಯಲ್ಲಿದ್ದಾಗ ತಾಯಿಯಿಂದ ಪಡೆದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ ಮಾನ್ಯ ಮಾಡಲಿಲ್ಲ. ಕಾನೂನು ಹಾಗಿರಲಿ, ಮುಂದೆ ಪೇಚಿಗೆ ಸಿಕ್ಕುವವನು ನೀನು. ಆಪರೇಷನ್ ದಿನ ಕಷ್ಟದ ಪ್ರಶ್ನೆಗಳು ಬರುವುದು ಕಡಿಮೆ. ಗಡ್ಡೆ ಕತ್ತರಿಸಿ ಕರುಳಿನ ತುದಿಗಳನ್ನು ಸೇರಿಸಿದ ಜಾಗ ಸೋರಿದರೆ ಅದು ಗೊತ್ತಾಗುವುದು ಹೆಚ್ಚಾಗಿ ಐದರಿಂದ ಏಳನೇ ದಿನದ ಹೊತ್ತಿಗೆ. ಜ್ವರ, ಹೊಟ್ಟೆ ಉಬ್ಬರ, ಬಿ.ಪಿ. ಕುಸಿತ. ಮತ್ತೆ ಹೊಟ್ಟೆ ತೆರೆಯಬೇಕು, ಮಲ ಹೋಗಲು ಹೊಟ್ಟೆಯ ಮೇಲೆ ಚೀಲ ಇಡಬೇಕು, ವೆಂಟಿಲೇಟರ್ ಬೇಕಾಗಬಹುದು, ಕಿಡ್ನಿ ನಿಂತರೆ ಡಯಾಲಿಸಿಸ್. ಆಗ ಅಪ್ಪ ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಐಸಿಯು ಬಾಗಿಲಲ್ಲಿ ನಿಂತು ನೀನು ಹೂಂ ಅನ್ನಬೇಕು, ಇಲ್ಲ ಊಹೂಂ ಅನ್ನಬೇಕು. ಅವರ ಮನಸ್ಸು ಗೊತ್ತಿಲ್ಲದೆ ಎರಡರಲ್ಲಿ ಯಾವುದನ್ನು ಹೇಳಿದರೂ ನಿನ್ನ ಅಕ್ಕಂದಿರ ಎದುರು ಜೀವನಪೂರ್ತಿ ಸಮಜಾಯಿಷಿ ಕೊಡುತ್ತಿರಬೇಕು.

ಮೊದಲು ಸರ್ಜನ್ ಹತ್ತಿರ ಹೋಗು, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು. ‘ಸಕ್ಸಸ್ ಎಷ್ಟು ಪರ್ಸೆಂಟ್’ ಎಂದು ಕೇಳಬೇಡ, ಆ ಉತ್ತರದಿಂದ ಉಪಯೋಗವಿಲ್ಲ. ಎಲ್ಲ ಚೆನ್ನಾಗಿ ನಡೆದರೆ ಮೂರು ತಿಂಗಳ ನಂತರ ಇವರು ಹೇಗಿರುತ್ತಾರೆ, ಕೆಟ್ಟರೆ ಹೇಗಿರುತ್ತಾರೆ, ನಿಮ್ಮ ಅಂದಾಜಿನಲ್ಲಿ ಯಾವುದು ಹೆಚ್ಚು ಸಂಭವ ಎಂದು ಕೇಳು. ಆಪರೇಷನ್ ಬೇಡವೆಂದರೆ ಏನಾಗುತ್ತದೆ, ಕರುಳು ಕಟ್ಟಿಕೊಂಡರೆ ಏನು ದಾರಿ ಅನ್ನುವುದನ್ನೂ ಕೇಳು. ಅಪ್ಪ ಈಗ ಎಷ್ಟು ಓಡಾಡುತ್ತಾರೆಂದು ನಿಜ ಹೇಳು: ಹೊಲಕ್ಕೆ ಒಬ್ಬರೇ ಹೋಗುತ್ತಾರಾ, ಕುರ್ಚಿಯಿಂದ ಕೈ ಊರದೆ ಏಳುತ್ತಾರಾ, ಆರು ತಿಂಗಳಲ್ಲಿ ತೂಕ ಇಳಿದಿದೆಯಾ. ಚೇತರಿಕೆಯ ಅಂದಾಜಿಗೆ ವಯಸ್ಸಿಗಿಂತ ಇವು ಮುಖ್ಯ.

ಆಮೇಲೆ ಮನೆಯಲ್ಲಿ ಅಪ್ಪನ ಜೊತೆ ಮಾತು. ಪಾವಗಡದ ನಿಮ್ಮ ಮನೆಯಲ್ಲಿ ಅವರು ಮನಸ್ಸು ಬಿಚ್ಚುವುದು ತೆಲುಗಿನಲ್ಲಿ ತಾನೇ? ಹಾಗಾದರೆ ತೆಲುಗಿನಲ್ಲೇ ಕೇಳು. ಆಸ್ಪತ್ರೆಯ ಒಪ್ಪಿಗೆ ಫಾರಂ ಇಂಗ್ಲಿಷಿನದಾದರೆ ಅದನ್ನೂ ತೆಲುಗಿನಲ್ಲಿ ವಿವರಿಸುವಂತೆ ಪಟ್ಟು ಹಿಡಿ. ‘ಸಾಯೋ ವಿಷಯ’ ಎಂದು ಶುರು ಮಾಡಬೇಡ. ‘ಏನೇನು ಕೈಲಾಗದೆ ಹೋದರೆ ಬದುಕು ಬೇಡ ಅನಿಸುತ್ತೆ?’ ಎಂದು ಕೇಳು. ಒಬ್ಬರಿಗೆ ಚೀಲ ಒಪ್ಪಿಗೆ, ಹಾಸಿಗೆ ಹಿಡಿಯುವುದು ಒಪ್ಪಿಗೆಯಿಲ್ಲ. ಇನ್ನೊಬ್ಬರಿಗೆ ಮಲಗಿದ್ದರೂ ಮೊಮ್ಮಕ್ಕಳ ಗುರುತು ಸಿಕ್ಕರೆ ಸಾಕು. ‘ನನಗೋಸ್ಕರ ಜಮೀನು ಮಾರಬೇಡಿ’ ಅಂದರೆ ಅದನ್ನೂ ಬರೆದುಕೋ. ಎಷ್ಟೋ ಮನೆಗಳಲ್ಲಿ ಹಿರಿಯರ ನಿಜವಾದ ಚಿಂತೆ ಅದೇ. ತಮ್ಮ ಪರವಾಗಿ ಮಾತಾಡುವವರು ಯಾರೆಂದು ಅವರೇ ಹೆಸರಿಸಲಿ, ಜೊತೆಗೆ ಎರಡನೆಯ ಹೆಸರೂ ಇರಲಿ. ಹಿರಿಮಗನೇ ಆಗಬೇಕೆಂಬ ನಿಯಮವಿಲ್ಲ. ರಾತ್ರಿ ಎರಡಕ್ಕೆ ಫೋನ್ ಎತ್ತುವವರಾಗಿರಬೇಕು, ತಮ್ಮ ಆಸೆಯನ್ನಲ್ಲ, ಅಪ್ಪನ ಮಾತನ್ನು ಹೇಳುವವರಾಗಿರಬೇಕು.

ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ದೊಡ್ಡ ಆಪರೇಷನ್ ಆದ ಮೇಲೆ ಒಂದೆರಡು ದಿನ ವೆಂಟಿಲೇಟರ್ ಇಟ್ಟರೆ ಅದು ಚಿಕಿತ್ಸೆಯ ಭಾಗ. ಅದನ್ನು ಬೇಡವೆನ್ನುವುದಾದರೆ ಆಪರೇಷನ್ನಿಗೇ ಹೋಗಬಾರದು. ಪ್ರಶ್ನೆ ಬರುವುದು ಹತ್ತು ದಿನವಾದರೂ ಸುಧಾರಣೆ ಕಾಣದೆ, ಗಂಟಲಿಗೆ ತೂತು ಕೊರೆದು ಟ್ಯೂಬ್ ಹಾಕುತ್ತೇವೆ ಅಂದಾಗ. ಅದಕ್ಕೆ ಮೊದಲೇ ಡಾಕ್ಟರ ಜೊತೆ ಗಡುವು ಮಾತಾಡಿಕೊಳ್ಳಬಹುದು: ಇಷ್ಟು ದಿನ ಎಲ್ಲ ಪ್ರಯತ್ನವನ್ನೂ ಮಾಡೋಣ, ಇಂಥ ಲಕ್ಷಣ ಸುಧಾರಿಸದಿದ್ದರೆ ಮತ್ತೆ ಕೂತು ಯೋಚಿಸೋಣ ಎಂದು. ಎದೆ ಒತ್ತುವ ಸಿಪಿಆರ್ ಬೇಡ ಎಂದು ಅಪ್ಪ ಮೊದಲೇ ಹೇಳಿದ್ದರೆ, ಥಿಯೇಟರಿನೊಳಗೆ ಅದು ಅನ್ವಯವೋ ಇಲ್ಲವೋ ಅನ್ನುವುದನ್ನು ಅರಿವಳಿಕೆ ತಜ್ಞರ ಹತ್ತಿರ ಬಿಡಿಸಿ ಮಾತಾಡಬೇಕು. ಅರಿವಳಿಕೆಯಿಂದಲೇ ಹೃದಯ ನಿಂತರೆ ಅದನ್ನು ಮತ್ತೆ ನಡೆಸುವುದು ಬಹಳ ಸಲ ಸಾಧ್ಯ. ಕಾಯಿಲೆಯ ಕೊನೆಯ ಹಂತದಲ್ಲಿ ವಾರ್ಡಿನಲ್ಲಿ ಹೃದಯ ನಿಲ್ಲುವುದೇ ಬೇರೆ, ಇದೇ ಬೇರೆ.

ಇನ್ನು ಕಾಗದ. ಮುಂದೆ ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವುದಕ್ಕೆ, ಅಂದರೆ ಜನ ‘ಲಿವಿಂಗ್ ವಿಲ್’ ಅನ್ನುವ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಸುಪ್ರೀಂ ಕೋರ್ಟ್ ಮಾನ್ಯತೆ ಕೊಟ್ಟದ್ದು 2018ರ ಮಾರ್ಚ್ 9ರಂದು. ಆಗ ಮ್ಯಾಜಿಸ್ಟ್ರೇಟರ ಸಹಿಯೂ ಬೇಕಿತ್ತು. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿದರು. ಈಗ ಇಬ್ಬರು ಸಾಕ್ಷಿಗಳ ಎದುರು ಅಪ್ಪ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಸಾಕ್ಷಿಗಳು ಮನೆಯವರಲ್ಲದಿದ್ದರೆ ಒಳ್ಳೆಯದು. ಒಂದು ಪ್ರತಿ ಹೆಸರಿಸಿದವರಿಗೆ, ಒಂದು ಊರಿನ ಡಾಕ್ಟರಿಗೆ, ಒಂದು ಪಂಚಾಯಿತಿ ಅಥವಾ ಪುರಸಭೆಯ ಅಧಿಕಾರಿಗೆ. ಕೊಟ್ಟದ್ದಕ್ಕೆ ಸೀಲು ಹಾಕಿದ ಸ್ವೀಕೃತಿ ತಗೋ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರವಣಿಗೆಯಲ್ಲಿ ರದ್ದು ಮಾಡಬಹುದು.

ಆದರೆ ಇದು ಜಾರಿಗೆ ಬರುವುದು ತಾವೇ ನಿರ್ಧರಿಸುವ ಶಕ್ತಿ ಹೋಗಿ, ಗುಣವಾಗುವ ಭರವಸೆಯೂ ಇಲ್ಲವೆಂದಾಗ ಮಾತ್ರ. ಆಸ್ಪತ್ರೆಯ ಮೂವರು ವೈದ್ಯರ ಮಂಡಳಿ ನೋಡಿದ ಮೇಲೆ ಎರಡನೆಯ ಮಂಡಳಿ ನೋಡುತ್ತದೆ. ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ವೈದ್ಯರೊಬ್ಬರು ಇರಬೇಕು. ಕರ್ನಾಟಕ ಆರೋಗ್ಯ ಇಲಾಖೆ ಇದಕ್ಕೆ ಆದೇಶ ಹೊರಡಿಸಿದ್ದು 2025ರ ಜನವರಿಯಲ್ಲಿ. ಈ ದಾರಿ ಗೊತ್ತಿಲ್ಲದೆ ಬಹಳ ಮನೆಯವರು ‘ಸ್ವಂತ ಜವಾಬ್ದಾರಿ’ ಎಂದು ಬರೆದುಕೊಟ್ಟು ರೋಗಿಯನ್ನು ಆಂಬುಲೆನ್ಸಿನಲ್ಲಿ ಊರಿಗೆ ಒಯ್ಯುತ್ತಾರೆ. ದಾರಿಯಲ್ಲಿ ನೋವಿಗೆ ಔಷಧಿ ಇಲ್ಲ, ಉಸಿರುಗಟ್ಟಿದರೆ ನೋಡುವವರಿಲ್ಲ. ಅದಕ್ಕಿಂತ ‘ಪ್ಯಾಲಿಯೇಟಿವ್ ಕೇರ್ ಡಾಕ್ಟರನ್ನು ಕರೆಸಿ’ ಎಂದು, ಅಂದರೆ ನೋವು, ಸಂಕಟ ಕಡಿಮೆ ಮಾಡುವ ಆರೈಕೆಯ ಡಾಕ್ಟರನ್ನು ಕೇಳುವುದು ಮೇಲು.

ಊರಿನಲ್ಲಿ ಮುದುಕರು ನೋಟರಿ ಹತ್ತಿರ ಹೋದರು ಅಂದರೆ ಆಸ್ತಿ ವಿಷಯ ಅಂತಲೇ ಸುದ್ದಿಯಾಗುತ್ತದೆ! ಅಕ್ಕಂದಿರಿಗೆ ಮೊದಲೇ ತಿಳಿಸು. ಉಯಿಲಿನ ಕೆಲಸ ಇದ್ದರೆ ಅದನ್ನು ಬೇರೆ ದಿನ ಇಟ್ಟುಕೊಳ್ಳಿ.

ಅರಿವಳಿಕೆ ತಪಾಸಣೆಗೆ ಹೋದಾಗ ಮರೆಯಬಾರದ ಕೆಲವು ಇವೆ. ನಿಮ್ಮ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಬೆನ್ನು, ಕತ್ತು ಬಿಗಿದಿದ್ದರೆ ಹೇಳು. ಬೆನ್ನಿಗೆ ಇಂಜೆಕ್ಷನ್ ಕೊಡುವುದೂ ಉಸಿರಿನ ಟ್ಯೂಬ್ ಹಾಕುವುದೂ ಕಷ್ಟವಾಗಬಹುದು. ಅಪ್ಪ ರಾತ್ರಿ ಕುಡಿಯುತ್ತಾರಾದರೆ ಮುಚ್ಚಿಡಬೇಡ. ಹಠಾತ್ತನೆ ನಿಂತರೆ ಎರಡು ಮೂರು ದಿನದಲ್ಲಿ ನಡುಕ, ಭ್ರಮೆ ಬರಬಹುದು. ಮಾತ್ರೆಗಳ ಚೀಟಿ ಬೇಡ, ಡಬ್ಬಿಗಳನ್ನೇ ಒಯ್ಯಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಎಂದು ನಿಲ್ಲಿಸಬೇಕೆಂದು ಡಾಕ್ಟರೇ ಹೇಳಲಿ. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್ ಮಾತ್ರೆ ಇದ್ದರೆ ಅದನ್ನು ಸಾಮಾನ್ಯವಾಗಿ ಮೂರು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ.

ಕುಡಿಯದವರಿಗೂ ಆಪರೇಷನ್ ಆದ ಎರಡನೇ ಮೂರನೇ ರಾತ್ರಿ ಗಲಿಬಿಲಿ ಸಾಮಾನ್ಯ. ಟ್ಯೂಬ್ ಕೀಳುತ್ತಾರೆ, ಸತ್ತವರನ್ನು ಕರೆಯುತ್ತಾರೆ, ‘ಸಾಯಿಸಿಬಿಡಿ’ ಅನ್ನುತ್ತಾರೆ. ಅದು ಅವರ ನಿರ್ಧಾರವಲ್ಲ, ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಇಳಿಯುತ್ತದೆ. ಕನ್ನಡಕ, ಹಲ್ಲಿನ ಸೆಟ್, ಕಿವಿಯ ಮೆಷಿನ್ ಮನೆಯಲ್ಲೇ ಬಿಟ್ಟು ಹೋಗಬೇಡಿ, ಇದ್ದರೆ ಗಲಿಬಿಲಿ ಕಡಿಮೆ. ಅಮ್ಮನ ದನಿ ಕೇಳಿಸಲಿ.

ಆಸ್ಪತ್ರೆಗೆ ಸೇರಿಸುವಾಗ ನಿರ್ದೇಶನದ ಪ್ರತಿಯನ್ನು ಕೇಸ್ ಶೀಟಿಗೆ ಸೇರಿಸಲು ಹೇಳಿ, ಸೇರಿಸಿದ್ದನ್ನು ಕಣ್ಣಾರೆ ನೋಡು. ಸಂಜೆಯ ಪಾಳಿಗೆ ಬಂದವರಿಗೂ ಮತ್ತೆ ತೋರಿಸು. ಬೀರುವಿನಲ್ಲಿರುವ ಮೂಲ ಪ್ರತಿ ಐಸಿಯುಗೆ ಕಾಣುವುದಿಲ್ಲ. ಅಪ್ಪನ ಜೊತೆ ಮಾತಾದ ಮೇಲೆ ಕರಡು ಬರೆದು ಕಳಿಸು, ನೋಟರಿಗೆ ಹೋಗುವ ಮೊದಲು ನೋಡಿ ಕೊಡುತ್ತೇನೆ.

ಇಂತಿ,
ನಿನ್ನ ಗೆಳೆಯ