ಚಾಸಿಸ್‌ಗೆ ಎರಡು ಕಡೆಯಿಂದ ಕರೆಂಟ್: ಭಾನುವಾರದ ಬದಲಾವಣೆ ಬಗ್ಗೆ

ಪ್ರಿಯ ಗ್ರಾಹಕರೇ,

ನಿಮ್ಮ ಸರ್ವರ್‌ಗಳು ಇರುವ ಬ್ಲೇಡ್ ಚಾಸಿಸ್‌ನ, ಅಂದರೆ ಬ್ಲೇಡ್ ಎನ್ನುವ ತೆಳು ಸರ್ವರ್‌ಗಳನ್ನು ಸಾಲಾಗಿ ಕೂರಿಸಿ ಎಲ್ಲಕ್ಕೂ ಕರೆಂಟ್ ಕೊಡುವ ಪೆಟ್ಟಿಗೆಯ, ಪವರ್ ಸೆಟ್ಟಿಂಗ್ ಬದಲಾಗುತ್ತಿದೆ. ಬರುವ ಭಾನುವಾರ ಬೆಳಗಿನ ಜಾವ 2ರಿಂದ 4 ಗಂಟೆಯೊಳಗೆ ಕೆಲಸ ನಡೆಯುತ್ತದೆ. ಯಾವ ಸರ್ವರನ್ನೂ ರೀಸ್ಟಾರ್ಟ್ ಮಾಡುವುದಿಲ್ಲ. ಆದರೆ ಬ್ಲೇಡ್ ಬಾಡಿಗೆ ಪಡೆದವರಿಂದ ನಮಗೊಂದು ಉತ್ತರ ಬೇಕು. ಅದಕ್ಕೇ ಈ ಪತ್ರ.

ನಮ್ಮಲ್ಲಿರುವುದು ಡೆಲ್ ಎಂ1000ಇ ಚಾಸಿಸ್. ಅದರಲ್ಲಿ 16 ಬ್ಲೇಡ್‌ಗೆ ಜಾಗ ಇದೆ, ಈಗ 12 ಓಡುತ್ತಿವೆ. ಹಿಂಭಾಗದಲ್ಲಿ ತಲಾ 2700 ವ್ಯಾಟ್‌ನ 6 ಪವರ್ ಸಪ್ಲೈ ಇವೆ. ಒಂದು ಪವರ್ ಸಪ್ಲೈ ಕೆಟ್ಟರೆ ಉಳಿದವು ಹೊರೆ ಹೊರುವಂತೆ ಇಷ್ಟು ದಿನ ಸೆಟ್ಟಿಂಗ್ ಇತ್ತು. ಅದು ಸರಿಯೇ. ಆದರೆ ಆರಕ್ಕೂ ಕರೆಂಟ್ ಬರುತ್ತಿದ್ದುದು ಒಂದೇ ಯುಪಿಎಸ್‌ನಿಂದ. ಒಂದೇ ಬಾವಿಗೆ ಆರು ಹಗ್ಗ ಬಿಟ್ಟ ಹಾಗೆ. ಜನರೇಟರ್ ಸ್ಟಾರ್ಟ್ ಆಗುವವರೆಗಿನ ಕೆಲವು ಸೆಕೆಂಡು ಆ ಯುಪಿಎಸ್ ಕೈಕೊಟ್ಟರೆ ಪವರ್ ಸಪ್ಲೈ ಎಷ್ಟಿದ್ದರೇನು, ಎಲ್ಲವೂ ಒಟ್ಟಿಗೇ ಆಫ್ ಆಗುತ್ತವೆ.

ಈಗ ಎರಡನೇ ಯುಪಿಎಸ್ ಬಂದಿದೆ, ಅದಕ್ಕೆ ಬೇರೆಯದೇ ಲೈನ್ ಎಳೆಸಿದ್ದೇವೆ. 1, 2, 3ನೇ ಪವರ್ ಸಪ್ಲೈ ಹಳೆಯ ಯುಪಿಎಸ್‌ನಲ್ಲೇ ಇರುತ್ತವೆ. 4, 5, 6 ಹೊಸದಕ್ಕೆ ಹೋಗುತ್ತವೆ. ಒಂದೊಂದೇ ಕೇಬಲ್ ಬಿಚ್ಚಿ ಹಾಕುವುದರಿಂದ ಆ ಹೊತ್ತಿನಲ್ಲೂ ಐದು ಪವರ್ ಸಪ್ಲೈ ಕೆಲಸ ಮಾಡುತ್ತಿರುತ್ತವೆ. ಆಮೇಲೆ ಚಾಸಿಸ್‌ನ ಕಂಟ್ರೋಲರ್‌ನಲ್ಲಿ ಗ್ರಿಡ್ ರಿಡಂಡೆನ್ಸಿ ಆನ್ ಮಾಡುತ್ತೇವೆ. ಒಂದು ಕಡೆಯ ಮೂರೂ ಒಟ್ಟಿಗೆ ಹೋದರೂ ಇನ್ನೊಂದು ಕಡೆಯ ಮೂರು ಪೂರ್ತಿ ಚಾಸಿಸನ್ನು ನಡೆಸಬೇಕು ಎಂಬುದು ಇದರ ಲೆಕ್ಕ.

ಇದಕ್ಕೆ ಬೆಲೆಯೂ ಇದೆ. ಆರು ಪವರ್ ಸಪ್ಲೈ ಸೇರಿದರೆ 16,200 ವ್ಯಾಟ್. ಗ್ರಿಡ್ ರಿಡಂಡೆನ್ಸಿಯಲ್ಲಿ ನಂಬಬಹುದಾದದ್ದು ಮೂರರದ್ದು ಮಾತ್ರ, ಅಂದರೆ 8100. ನಮ್ಮ ನಿಜವಾದ ಮಿತಿ ಅದಕ್ಕಿಂತಲೂ ಕೆಳಗಿದೆ. ಒಂದೊಂದು ಯುಪಿಎಸ್ 10 ಕೆವಿಎ, ಅಂದರೆ 8 ಕಿಲೋವ್ಯಾಟ್. ಅದನ್ನು ಶೇ. 80ಕ್ಕಿಂತ ಜಾಸ್ತಿ ತುಂಬುವುದು ನಮಗೆ ಇಷ್ಟವಿಲ್ಲ, ಹಾಗಾಗಿ ಸಿಗುವುದು 6400 ವ್ಯಾಟ್. ಸ್ವಿಚ್, ಸ್ಟೋರೇಜ್ ಕಳೆದರೆ ಚಾಸಿಸ್‌ಗೆ ಉಳಿಯುವುದು 5500. ಅದನ್ನೇ ಪವರ್ ಕ್ಯಾಪ್ ಆಗಿ, ಅಂದರೆ ಚಾಸಿಸ್ ದಾಟಬಾರದ ಮಿತಿಯಾಗಿ, ಹಾಕುತ್ತಿದ್ದೇವೆ. ಪವರ್ ಸಪ್ಲೈ ಮೇಲೆ ಬರೆದಿರುವ ವ್ಯಾಟ್ ನೋಡಿ ಕ್ಯಾಪ್ ಹಾಕುವವರಿದ್ದಾರೆ. ಇನ್ನೊಂದು ಯುಪಿಎಸ್ ಕೆಟ್ಟ ದಿನ ಉಳಿದಿರುವುದು ಒಂದೇ ಎಷ್ಟು ಹೊರಬಲ್ಲದು ಎಂದು ನೋಡಿ ಹಾಕಬೇಕು ಎನ್ನುವುದು ನಮ್ಮ ಅಭಿಪ್ರಾಯ.

ತಿಂಗಳ ಕೊನೆಗೆ ಸಹಕಾರಿ ಸಂಘಗಳ ಬಡ್ಡಿ ಲೆಕ್ಕ ಓಡುವಾಗಲೂ ಚಾಸಿಸ್ 4600 ವ್ಯಾಟ್ ದಾಟಿದ್ದನ್ನು ನಾವು ಕಂಡಿಲ್ಲ. ಹಾಗಾಗಿ ಮಾಮೂಲಿ ದಿನಗಳಲ್ಲಿ ನಿಮಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಖಾಲಿ ಇರುವ 4 ಜಾಗದಲ್ಲಿ ಎರಡನ್ನು ಮಾತ್ರ ಇನ್ನು ಬಾಡಿಗೆಗೆ ಕೊಡುತ್ತೇವೆ. ಉಳಿದೆರಡು ಖಾಲಿಯೇ ಇರುತ್ತವೆ. ಆ ನಷ್ಟ ನಮ್ಮದು, ನಿಮ್ಮ ಬಿಲ್ ಹೆಚ್ಚುವುದಿಲ್ಲ.

ಕ್ಯಾಪ್ ಮುಟ್ಟುವ ದಿನ ಬಂದರೆ? ಚಾಸಿಸ್ ಮೊದಲು ಬ್ಲೇಡ್‌ಗಳ ಪ್ರೊಸೆಸರ್ ವೇಗ ಇಳಿಸುತ್ತದೆ. ಸರ್ವರ್ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ತೀರಾ ಸಾಲದಿದ್ದರೆ ಕೆಲವನ್ನು ಆಫ್ ಕೂಡ ಮಾಡಬಹುದು. ಯಾರ ಬ್ಲೇಡ್ ಮೊದಲು ಎನ್ನುವುದನ್ನು ಪ್ರಯಾರಿಟಿ ನಂಬರ್ ಹೇಳುತ್ತದೆ. 1 ಎಲ್ಲಕ್ಕಿಂತ ಮೇಲೆ, 9 ಎಲ್ಲಕ್ಕಿಂತ ಕೆಳಗೆ. ಡೀಫಾಲ್ಟ್ ಆಗಿ ಎಲ್ಲ ಬ್ಲೇಡ್‌ಗೂ 1 ಇರುತ್ತದೆ, ಈಗಲೂ ಹಾಗೇ ಇದೆ. ಅದನ್ನು ಹಾಗೇ ಬಿಟ್ಟರೆ ಟೆಸ್ಟ್ ಮೆಷಿನ್ನಿಗೂ ಕೌಂಟರ್ ಬಿಲ್ಲಿಂಗ್‌ಗೂ ಒಂದೇ ಮರ್ಯಾದೆ. ಅದು ಸರಿಯಲ್ಲ, ಅಲ್ವಾ?

ಆದ್ದರಿಂದ ದಯವಿಟ್ಟು ಗುರುವಾರ ಸಂಜೆಯೊಳಗೆ ಇದೇ ಇಮೇಲ್‌ಗೆ ಉತ್ತರಿಸಿ, ನಿಮ್ಮ ಬ್ಲೇಡ್‌ನಲ್ಲಿ ಏನು ಓಡುತ್ತಿದೆ ಎಂದು ಒಂದು ಸಾಲು ಬರೆಯಿರಿ. ಡೇಟಾಬೇಸ್, ಬಿಲ್ಲಿಂಗ್, ಠೇವಣಿ ಲೆಕ್ಕ ಇರುವವಕ್ಕೆ 1 ಕೊಡುತ್ತೇವೆ. ವೆಬ್‌ಸೈಟ್‌ಗಳಿಗೆ 4. ಬ್ಯಾಕಪ್ ಮತ್ತು ಟೆಸ್ಟ್‌ಗೆ 8. "ನಮ್ಮದೂ 1 ಇರಲಿ" ಎಂದು ಎಲ್ಲರೂ ಬರೆದರೆ ಮತ್ತೆ ಹಳೆಯ ಕಥೆಯೇ, ಅದಕ್ಕೇ ನಂಬರ್ ಕೇಳದೆ ಕೆಲಸ ಏನೆಂದು ಕೇಳುತ್ತಿದ್ದೇವೆ. ಉತ್ತರ ಬಾರದಿದ್ದರೆ 4 ಹಾಕುತ್ತೇವೆ. ಆಮೇಲೂ ಬದಲಿಸಬಹುದು. ವಿಪಿಎಸ್ (ಇಡೀ ಬ್ಲೇಡ್ ಅಲ್ಲದೆ ಅದರೊಳಗಿನ ವರ್ಚುವಲ್ ಸರ್ವರ್) ಗ್ರಾಹಕರು ಏನೂ ಮಾಡಬೇಕಿಲ್ಲ, ನಿಮ್ಮವು ಇರುವ ಬ್ಲೇಡ್‌ಗಳಿಗೆ 1 ಇದೆ, ಹಾಗೇ ಇರುತ್ತದೆ.

ಹೊರೆ ಕಡಿಮೆ ಇದ್ದಾಗ ಒಂದೆರಡು ಪವರ್ ಸಪ್ಲೈಯನ್ನು ಮಲಗಿಸಿ ಕರೆಂಟ್ ಉಳಿಸುವ ಸೌಲಭ್ಯವೂ ಈ ಚಾಸಿಸ್‌ನಲ್ಲಿದೆ. ಅದನ್ನು ಆಫ್ ಇಡುತ್ತೇವೆ. ಉಳಿಯುವ ಹಣ ಚಿಲ್ಲರೆ, ಸುಮ್ನೆ ಯಾಕೆ ರಿಸ್ಕ್?

ಕೊನೆಗೆ ಒಂದು ಪರೀಕ್ಷೆ ಇದೆ. ಸುಮಾರು ಮೂರೂವರೆಗೆ ಒಂದು ಕಡೆಯ ಬ್ರೇಕರನ್ನು ಹತ್ತು ನಿಮಿಷ ಆಫ್ ಮಾಡುತ್ತೇವೆ, ಆಮೇಲೆ ಇನ್ನೊಂದು ಕಡೆಯದ್ದನ್ನು. ಒಂದು ಕೇಬಲ್ ತಪ್ಪು ಕಡೆ ಸೇರಿದ್ದರೂ ಸಾಕು, ಎರಡು ಯುಪಿಎಸ್ ಎನ್ನುವುದು ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಹಾಗಾಗಿ ಈ ಪರೀಕ್ಷೆ ಬಿಡುವ ಹಾಗಿಲ್ಲ. ಆಗ ಸರ್ವರ್‌ಗಳು ಓಡುತ್ತಲೇ ಇರಬೇಕು. ಆದರೂ ಶನಿವಾರ ರಾತ್ರಿ ಮಲಗುವ ಮುಂಚೆ ನಿಮ್ಮ ಕಡೆಯಿಂದ ಒಂದು ಬ್ಯಾಕಪ್ ತೆಗೆದಿಡಿ. ಆ ಹೊತ್ತಿಗೆ ದೊಡ್ಡ ಇಂಪೋರ್ಟ್ ಅಥವಾ ಅಪ್‌ಡೇಟ್ ಇಟ್ಟುಕೊಂಡಿದ್ದರೆ ಮುಂದೂಡಿ. ಕೆಲಸ ಮುಗಿದ ಕೂಡಲೇ ನಿಮಗೆಲ್ಲ ಎಸ್‌ಎಂಎಸ್ ಬರುತ್ತದೆ. ಐದು ಗಂಟೆಯಾದರೂ ಬಾರದಿದ್ದರೆ ಸಪೋರ್ಟ್ ನಂಬರ್‌ಗೆ ಕರೆ ಮಾಡಿ, ಎದ್ದಿರುತ್ತೇವೆ.

ಇಂತಿ,
ನಿಮ್ಮ ಹೋಸ್ಟಿಂಗ್ ತಂಡ