ನಗಬಾರದು ಅಂದಾಗಲೇ ಬರುವ ನಗು

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪತ್ರಿಕೆ ನಮ್ಮ ಮನೆಯಲ್ಲಿ ಒದ್ದೆಯಾಯಿತು. ಮೊಮ್ಮಗ ಬಾಯಿ ತುಂಬ ನೀರು ಇಟ್ಟುಕೊಂಡು ಮೊಬೈಲ್ ನೋಡುತ್ತಾ ಕೂತಿದ್ದ. ತಮಾಷೆ ವಿಡಿಯೋ ನೋಡಿಯೂ ನಗಬಾರದು, ನಕ್ಕು ನೀರು ಉಗಿದರೆ ಸೋತ ಹಾಗೆ, ಇದು ಈಗಿನವರ ಆಟ. ಹೀಗೆ ನಗು ತಡೆಯಲು ಒದ್ದಾಡುವವರದ್ದೇ ವಿಡಿಯೋ ಮಾಡಿ ಹಾಕುತ್ತಾರೆ, ಅದನ್ನು ನೋಡುವವರೂ ಇದ್ದಾರೆ. ಯಾರೋ ಮದುವೆ ಮನೆಯಲ್ಲಿ ಫೋಟೊಗೆ ನಿಂತವರು ಒಬ್ಬರ ಹಿಂದೆ ಒಬ್ಬರು ಸೋಫಾ ಸಮೇತ ಹಿಂದಕ್ಕೆ ಮಗುಚಿಕೊಂಡ ವಿಡಿಯೋ ಬಂತು ನೋಡಿ, ಎದುರಿಗೆ ಕೂತಿದ್ದ ನನ್ನ ಕನ್ನಡಕ, ಅಂಗಿ, ಕೈಲಿದ್ದ ಪುಟ ಎಲ್ಲಾ ತೊಪ್ಪೆ. ಬೈದೆ. ಅವನು ಮುಖ ಒರೆಸಿಕೊಂಡು, 'ತಾತ, ನೀನು ಎರಡು ನಿಮಿಷ ನಗದೆ ಇರು ನೋಡೋಣ' ಅಂದ. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಮುಖ ಗಂಟಿಕ್ಕಿಕೊಂಡು ಕೂತವನು ನಾನು, ಇದೇನು ಮಹಾ ಅಂದುಕೊಂಡೆ. ಅರ್ಧ ನಿಮಿಷವೂ ತಡೆಯಲಿಲ್ಲ.

ಮಾರನೇ ದಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಸ್ನೇಹಿತರಿಗೆ ಇದನ್ನು ಹೇಳಿದೆ. ಒಬ್ಬರು, 'ಯಾರೋ ನಗದೆ ಕೂರೋದನ್ನ ಇನ್ಯಾರೋ ಕೂತು ನೋಡೋದಾ, ಇದೆಂಥ ಹುಚ್ಚು' ಅಂದರು. ಅಲ್ಲಾ ಸ್ವಾಮಿ, ನಾವು ಮೈಸೂರಿನವರು ಈ ಮಾತು ಆಡಬಹುದಾ? ಜಂಬೂಸವಾರಿ ದಿನ ರಾಷ್ಟ್ರಗೀತೆಯ ಹೊತ್ತಿಗೆ 21 ಕುಶಾಲತೋಪು ಹಾರಿಸುತ್ತಾರೆ. ಆ ಸದ್ದಿಗೆ ಆನೆ, ಕುದುರೆ ಬೆದರಬಾರದು ಅಂತ ಮುಂಚೆಯೇ ಫಿರಂಗಿ ತಾಲೀಮು ನಡೆಯುತ್ತದೆ. ಆಗ ಜನ ಯಾವ ಆನೆಯನ್ನು ನೋಡುತ್ತಾರೆ? 750 ಕೆಜಿ ಅಂಬಾರಿಯನ್ನು 2020ರಲ್ಲಿ ಹೊರಲು ಶುರು ಮಾಡಿದ ಅಭಿಮನ್ಯು ಕಿವಿ ಬೀಸಿಕೊಂಡು ಸುಮ್ನೆ ನಿಂತಿದ್ದರೆ 'ಅವನು ಬಿಡು' ಅಂದುಬಿಡುತ್ತಾರೆ. ಎಲ್ಲರ ಕಣ್ಣು ಕಾಡಿನಿಂದ ಹೊಸದಾಗಿ ಬಂದ ಆನೆಯ ಮೇಲೆ. ಅದು ನಿಲ್ಲುತ್ತದಾ, ಎರಡು ಹೆಜ್ಜೆ ಹಿಂದೆ ಹೋಗುತ್ತದಾ ಅನ್ನುವ ಆ ಗಳಿಗೆ ಇದೆಯಲ್ಲ, ಅದಕ್ಕೇ ಉಸಿರು ಬಿಗಿ ಹಿಡಿದು ಕಾಯುತ್ತೇವೆ. (ಆನೆಗೆ ಅದು ಆಟ ಅಲ್ಲ, ಪಾಪ. ಆ ಮಾತು ಬೇರೆ.)

ಈ ವಿಡಿಯೋಗಳಲ್ಲೂ ಅಷ್ಟೇ. ಎಮ್ಮೆ ಮೇಲೆ ಮಳೆ ಸುರಿದಂತೆ ಕೂತವನನ್ನು ಯಾರೂ ನೋಡುವುದಿಲ್ಲ. ತುಟಿ ಬಿಗಿದು, ಮೂಗಿನ ಹೊಳ್ಳೆ ಅರಳಿಸಿ, ಭುಜ ಕುಲುಕುತ್ತಾ ಇನ್ನೇನು ಈಗ ಹೋಯ್ತು ಅನ್ನುವಂತಿರುವವನನ್ನು ನೋಡುತ್ತೇವೆ. ಬಾಯಿ ಮುಚ್ಚಿದರೂ ಕಣ್ಣು ಬಿಟ್ಟುಕೊಡುತ್ತದೆ. ನಿಜವಾದ ನಗುವಿನಲ್ಲಿ ಕಣ್ಣಿನ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಅದು ನಾವು ಹೇಳಿದ ಹಾಗೆ ಸುಲಭಕ್ಕೆ ಕೇಳುವುದಿಲ್ಲ ಅಂತ ಡುಷೆನ್ ಎಂಬ ಫ್ರೆಂಚ್ ವೈದ್ಯ 1862ರಲ್ಲೇ ಬರೆದಿದ್ದಾನೆ. ನಮ್ಮ ಹೈಸ್ಕೂಲಿನ ಮೇಷ್ಟ್ರಿಗೆ ಇದು ಓದದೆಯೇ ಗೊತ್ತಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ಯಾರಾದರೂ ಅಪಸ್ವರ ಎಳೆದರೆ ಸಾಕು, ಅವರು ನಮ್ಮ ಬಾಯಿ ನೋಡುತ್ತಿರಲಿಲ್ಲ, ನೇರ ಕಣ್ಣಿಗೇ ಬಂದು 'ನೀನು, ಹೊರಗೆ' ಅನ್ನುತ್ತಿದ್ದರು. ಪ್ರಾರ್ಥನೆಯಲ್ಲಿ, ಸಾವಿನ ಮನೆಯಲ್ಲಿ, ಪುರೋಹಿತರು ಸಂಕಲ್ಪ ಹೇಳಿಸುವಾಗ, ನಗಬಾರದ ಜಾಗದಲ್ಲೇ ನಗು ಒತ್ತಿಕೊಂಡು ಬರುತ್ತದೆ ಅಲ್ವಾ? ಅದೇ ಜೋಕು ಚಹಾದಂಗಡಿಯಲ್ಲಿ ಹೇಳಿದರೆ ಯಾರೂ ಹಲ್ಲು ಬಿಡುವುದಿಲ್ಲ.

ಇನ್ನೊಂದು ವಿಷಯ. ಒಬ್ಬರೇ ಇರುವಾಗಿನದಕ್ಕಿಂತ ಜೊತೆಯಲ್ಲಿ ಯಾರಾದರೂ ಇದ್ದಾಗ ಜನ ಸುಮಾರು 30 ಪಟ್ಟು ಜಾಸ್ತಿ ನಗುತ್ತಾರೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್ ಕಂಡುಕೊಂಡಿದ್ದರು. ನಾನು ಪರೀಕ್ಷೆ ಮಾಡಿ ನೋಡಿದೆ. ಅದೇ ಸೋಫಾ ವಿಡಿಯೋವನ್ನು ರಾತ್ರಿ ಒಬ್ಬನೇ ನೋಡಿದೆ, ನಗುವೇ ಬರಲಿಲ್ಲ, 'ಪಾಪ, ಸೊಂಟಕ್ಕೆ ಪೆಟ್ಟಾಗಿರುತ್ತೆ' ಅನ್ನಿಸಿತು. ಮನೆಯಲ್ಲಿ ಒಂಟಿಯಾಗಿ ಮೊಬೈಲ್ ಹಿಡಿದು ಕೂತವರಿಗೆ, ನಗು ತಡೆಯುತ್ತಾ ಒದ್ದಾಡುವ ಆ ನಾಲ್ಕು ಮುಖಗಳೇ ಜೊತೆ ಅನ್ನಿಸುತ್ತದೇನೋ.

ಎಲ್ಲಾ ವಿಡಿಯೋನೂ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಜಪಾನಿನ ಹಾಸ್ಯ ಕಲಾವಿದ ಹಿತೋಶಿ ಮತ್ಸುಮೊಟೊ 2016ರಲ್ಲಿ ಹತ್ತು ಹಾಸ್ಯಗಾರರನ್ನು ಆರು ಗಂಟೆ ಒಂದೇ ಕೋಣೆಯಲ್ಲಿ ಕೂಡಿಹಾಕಿ, ನಕ್ಕವನು ಔಟ್ ಅನ್ನೋ ಆಟ ಮಾಡಿಸಿದ. ಅಲ್ಲಿ ಎಲ್ಲರೂ ಒಪ್ಪಿ ಬಂದವರು, ಕೈಯಿಂದ ದುಡ್ಡು ಹಾಕಿ ಕೂತವರು. ನಮ್ಮಲ್ಲಿ ಕೆಲವರು ಮೊದಲೇ ನೋಡಿದ ವಿಡಿಯೋಗೆ ನೀರು ಉಗಿದು ನಟಿಸುತ್ತಾರೆ, ಅದು ಎರಡೇ ಸೆಕೆಂಡಿಗೆ ಗೊತ್ತಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಬಸ್ ಸ್ಟ್ಯಾಂಡಿನಲ್ಲಿ ಕೂತ ಮುದುಕಿಯ ಪಕ್ಕ ಪಟಾಕಿ ಸಿಡಿಸಿ 'ಬೆಚ್ಚುತ್ತಾಳಾ ನೋಡಿ' ಅನ್ನುವ ಜಾತಿ. ಆಕೆ ಆಟಕ್ಕೆ ಒಪ್ಪಿಕೊಂಡಿದ್ದಳಾ? ಅಂಥವರನ್ನು ಫಿರಂಗಿ ತಾಲೀಮಿಗೆ ಕರೆದುಕೊಂಡು ಹೋಗಿ ಮುಂದಿನ ಸಾಲಲ್ಲಿ ನಿಲ್ಲಿಸಬೇಕು.

ಒದ್ದೆಯಾದ ಪುಟವನ್ನು ಇಸ್ತ್ರಿ ಹಾಕಿ ಒಣಗಿಸಿ ಓದಿದೆ. ಪದಬಂಧ ಮಾತ್ರ ಹರಿದುಹೋಯಿತು. ಹಳೇ ಪ್ರತಿ ಒಂದಿದ್ದರೆ ತೆಗೆದಿಡಿ, ನಾನೇ ಬಂದು ತಗೊಂಡು ಹೋಗುತ್ತೇನೆ.

ನಿಮ್ಮ ಓದುಗ,
ಸರಸ್ವತಿಪುರಂ, ಮೈಸೂರು